ಬಿರುದು ಯಾರ ಬೆನ್ನ ಮೇಲೆ? ಕುದುರೆ ಸ್ಪರ್ಧೆಗಳ ಚರಿತ್ರೆಯಿಂದ ಕೆಲವು ಪುಟಗಳು

ಕುದುರೆ ಸ್ಪರ್ಧೆಗಳಲ್ಲಿ ಗೆದ್ದವರಿಗೆ ‘ಮಹಾ ಚಾಂಪಿಯನ್’, ‘ವಿಶ್ವ ಮಹಾ ಚಾಂಪಿಯನ್’ ಎಂಬ ಬಿರುದು ಕೊಡುತ್ತಾರಲ್ಲ, ಆ ಸ್ಪರ್ಧೆಗಳಿಗೆ ಅಷ್ಟು ದೊಡ್ಡ ಬಿರುದನ್ನು ಹೊರುವ ಯೋಗ್ಯತೆ ಇದೆಯೇ? ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಈ ಪ್ರಶ್ನೆ ಎತ್ತಿದರೆ ಕೆಲವು ಗೆಳೆಯರಿಗೆ ನಗು ಬರಬಹುದು. ಕೇರಿಗೂ ಕುದುರೆಗೂ ಏನ್ ಸಂಬಂಧ ಸ್ವಾಮಿ ಅಂತ ಕೇಳಬಹುದು. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಮ್ಮ ಮೇಲೇ ತಿರುಗಿಸಲೂಬಹುದು. ಆದರೆ ಕುದುರೆ ಬರೀ ಪ್ರಾಣಿಯಲ್ಲ. ಮನುಷ್ಯ ಮನುಷ್ಯನಿಗಿಂತ ಎತ್ತರದಲ್ಲಿ ಕೂರುವುದಕ್ಕೆ ಕಂಡುಕೊಂಡ ಮೊದಮೊದಲ ಸಾಧನಗಳಲ್ಲಿ ಅದೂ ಒಂದು. ಮೇಲೆ ಕೂತವನ ಹೆಸರು ಶಾಸನದಲ್ಲಿ ಬಂತು, ವೀರಗಲ್ಲಿನಲ್ಲಿ ಬಂತು. ಲಾಯ ಗುಡಿಸಿ, ಲದ್ದಿ ಎತ್ತಿ, ಹುರುಳಿ ಬೇಯಿಸಿ, ಗೊರಸಿನ ಕಲ್ಲು ಕೆರೆದವನ ಹೆಸರು ಎಲ್ಲಿ ಬಂತು?

ಬಿರುದಿನ ಕತೆ ನಮಗೆ ಹೊಸದೇನಲ್ಲ. ಪೊನ್ನನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ, ರನ್ನನಿಗೆ ಚಾಲುಕ್ಯ ತೈಲಪ ‘ಚಕ್ರವರ್ತಿ’ ಎಂಬ ಪದ ಸೇರಿದ ಬಿರುದನ್ನೇ ಕೊಟ್ಟರು. ಕವಿತೆಯನ್ನು ಅಳೆಯುವ ಕೋಲು ಅರಮನೆಯಲ್ಲಿತ್ತು, ಅಳತೆಯ ಭಾಷೆಯೂ ಅರಮನೆಯದೇ. ಬಿರುದು ಎಂದರೆ ಗುಣದ ಗುರುತು ಅಂತ ನಾವು ತಿಳಿದಿರುತ್ತೇವೆ. ಚರಿತ್ರೆ ನೋಡಿದರೆ ಅದು ಬಹಳ ಸಲ ಬೇಲಿಯ ಗುರುತು. ಇದನ್ನು ಸಾಹಿತ್ಯದಲ್ಲಿ ತೋರಿಸಲು ಹೊರಟರೆ ವಾದ ಬೆಳೆಯುತ್ತದೆ, ರುಚಿ, ಸಂಸ್ಕಾರ, ರಸ ಎಲ್ಲ ಅಡ್ಡ ಬರುತ್ತವೆ. ಕುದುರೆ ಅಂಗಳದಲ್ಲಿ ಅದು ನಿಯಮದ ಪುಸ್ತಕದಲ್ಲೇ ಅಚ್ಚಾಗಿದೆ. ಹಾಗಾಗಿ ಅಲ್ಲಿಗೇ ಹೋಗೋಣ.

1948, ಲಂಡನ್ ಒಲಿಂಪಿಕ್ಸ್. ಮಹಾಯುದ್ಧ ಮುಗಿದು ಮೂರು ವರ್ಷ. ಕುದುರೆ ಸ್ಪರ್ಧೆಗಳಲ್ಲಿ ಡ್ರೆಸಾಜ್ ಎಂಬುದೊಂದಿದೆ. ಅದರಲ್ಲಿ ಕುದುರೆಯನ್ನು ಓಡಿಸುವುದೂ ಇಲ್ಲ, ಬೇಲಿ ಹಾರಿಸುವುದೂ ಇಲ್ಲ. ಒಂದು ಅಂಗಳದಲ್ಲಿ ಗೊತ್ತುಮಾಡಿದ ಹೆಜ್ಜೆಗಳನ್ನು ಗೊತ್ತುಮಾಡಿದ ಕ್ರಮದಲ್ಲಿ ಹಾಕಿಸಬೇಕು. ಸವಾರ ಏನೂ ಮಾಡುತ್ತಿಲ್ಲವೇನೋ ಎಂಬಂತೆ ಕಾಣಬೇಕು, ಕುದುರೆ ತಾನಾಗಿಯೇ ಕುಣಿದಂತೆ ಇರಬೇಕು. ತೀರ್ಪುಗಾರರು ನೋಡಿ ಅಂಕ ಹಾಕುತ್ತಾರೆ. ಆಲ್ಡರ್‌ಶಾಟ್ ಎಂಬ ಸೈನ್ಯದ ಊರಿನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಸ್ವೀಡನ್ ತಂಡಕ್ಕೆ 1366 ಅಂಕ ಬಂತು, ಎರಡನೆಯದಾದ ಫ್ರಾನ್ಸಿಗೆ 1269. ಸಣ್ಣ ಅಂತರವಲ್ಲ. ಸ್ವೀಡನ್ನಿನ ಮೂವರು ಸವಾರರು ಬೋಲ್ಟನ್‌ಸ್ಟರ್ನ್, ಸೇಂಟ್ ಸೀರ್ ಮತ್ತು ಯೆನೆಲ್ ಪರ್ಸನ್. ಮೊದಲ ಇಬ್ಬರು ಸೈನ್ಯದ ಅಧಿಕಾರಿಗಳು. ಪರ್ಸನ್ ಮಾತ್ರ ಸಾರ್ಜೆಂಟ್.

ಸಾರ್ಜೆಂಟ್ ಆದರೆ ಏನಾಯ್ತು? ಆಗಿನ ನಿಯಮದ ಪ್ರಕಾರ ಈ ಸ್ಪರ್ಧೆ ಕಮಿಷನ್ ಪಡೆದ ಅಧಿಕಾರಿಗಳಿಗೆ ಮತ್ತು ಸಂಬಳಕ್ಕಾಗಿ ಸವಾರಿ ಮಾಡದ ‘ಸಭ್ಯ ಗೃಹಸ್ಥ’ರಿಗೆ ಮೀಸಲು. ಹೌದು, ಮೀಸಲು. ಮೀಸಲಾತಿ ಪ್ರತಿಭೆಯನ್ನು ಕೊಲ್ಲುತ್ತದೆ ಎಂದು 1990ರಲ್ಲಿ ಮಂಡಲ್ ವರದಿಯ ಹೊತ್ತಿಗೆ ಬೀದಿಗಿಳಿದವರು ಇದನ್ನು ಓದಿರಲಿಕ್ಕಿಲ್ಲ. ಸಂಬಳ ತಗೊಂಡು ಕುದುರೆ ಪಳಗಿಸುವ ಸಾರ್ಜೆಂಟ್ ‘ವೃತ್ತಿಯವನು’, ಆದ್ದರಿಂದ ಅನರ್ಹ. ಅದೇ ಸೈನ್ಯದಲ್ಲಿ ಅವನಿಗಿಂತ ಹೆಚ್ಚು ಸಂಬಳ ತಗೊಂಡು ಅಂಥದೇ ಕುದುರೆ ಏರುವ ಅಧಿಕಾರಿ ‘ಹವ್ಯಾಸಿ’, ಆದ್ದರಿಂದ ಅರ್ಹ. ಕೆಲಸ ಒಂದೇ, ಮಾಡುವವನ ಅಂತಸ್ತಿಗೆ ತಕ್ಕಂತೆ ಹೆಸರು ಬೇರೆ. ನಮ್ಮಲ್ಲಿ ತಮಟೆ ಬಡಿದರೆ ಜಾತಿಯ ಕಸುಬು, ಮೃದಂಗ ಬಾರಿಸಿದರೆ ಕಲೆ ಅಂತಾರಲ್ಲ, ಹಾಗೆ.

ಸ್ವೀಡನ್ ಒಂದು ಉಪಾಯ ಮಾಡಿತು. ಆಟಕ್ಕೆ ಮುಂಚೆ ಪರ್ಸನ್‌ಗೆ ಲೆಫ್ಟಿನೆಂಟ್ ದರ್ಜೆಗೆ ಬಡ್ತಿ ಕೊಟ್ಟಿತು. ಆಟ ಮುಗಿದು ಕೆಲವೇ ವಾರಗಳಲ್ಲಿ ಬಡ್ತಿಯನ್ನು ವಾಪಸು ತಗೊಂಡು ಮತ್ತೆ ಸಾರ್ಜೆಂಟ್ ಮಾಡಿತು. ನಾಟಕದ ರಾಜನಿಗೆ ಕಿರೀಟ ಕೊಟ್ಟು ಪರದೆ ಬಿದ್ದ ಮೇಲೆ ಕಿತ್ತುಕೊಂಡ ಹಾಗೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟಕ್ಕೆ ಇದು ಗೊತ್ತಾಗಿ 1949ರಲ್ಲಿ ಇಡೀ ತಂಡವನ್ನು ಅನರ್ಹಗೊಳಿಸಿ ಚಿನ್ನವನ್ನು ಫ್ರಾನ್ಸಿಗೆ ಕೊಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪರ್ಸನ್ ಕುದುರೆಗೆ ಮದ್ದು ಹಾಕಿರಲಿಲ್ಲ, ಅಂಕ ತಿದ್ದಿರಲಿಲ್ಲ. ಅವನ ಸವಾರಿಯಲ್ಲಿ ಇಂಥ ಕೊರತೆ ಇತ್ತು ಎಂದು ಯಾರೂ ಹೇಳಲಿಲ್ಲ. ವೈಯಕ್ತಿಕ ಪಟ್ಟಿಯಲ್ಲಿ ಅವನು ಆರನೆಯವನಾಗಿ ಬಂದಿದ್ದ. ಬೋಲ್ಟನ್‌ಸ್ಟರ್ನ್‌ಗೆ ಬಂದಿದ್ದ ವೈಯಕ್ತಿಕ ಕಂಚು ಅವನ ಹತ್ತಿರವೇ ಉಳಿಯಿತು. ಅದೇ ದಿನ, ಅದೇ ಸವಾರಿ. ಒಂಟಿಯಾಗಿ ನೋಡಿದರೆ ಶುದ್ಧ, ಸಾರ್ಜೆಂಟನ ಅಂಕದ ಜೊತೆ ಕೂಡಿಸಿದರೆ ಅಶುದ್ಧ. ಇದನ್ನು ಯುರೋಪಿನ ಚರಿತ್ರೆಕಾರರು ನಿಯಮ ಉಲ್ಲಂಘನೆ ಅಂತ ಕರೆದು ಮುಂದೆ ಹೋಗುತ್ತಾರೆ. ನಮ್ಮ ಕಡೆಯವರು ಓದಿದರೆ ಬೇರೆ ಪದ ನೆನಪಾಗುತ್ತದೆ. ಮೈಲಿಗೆ. ಒಬ್ಬ ಮುಟ್ಟಿದ್ದಕ್ಕೆ ಮೂವರ ಗಡಿಗೆಯನ್ನೂ ಒಡೆದರು.

ಆದರೆ ಹೋಲಿಕೆಯನ್ನು ಎಳೆದಷ್ಟೂ ಎಳೆಯುವುದು ವಿಮರ್ಶೆಯ ಲಕ್ಷಣವಲ್ಲ. ಸೈನ್ಯದ ದರ್ಜೆ ಜಾತಿಯಲ್ಲ. ಈ ಗಲಾಟೆಯ ಬಳಿಕ ನಿಯಮ ಬದಲಾಯಿತು. 1952ರ ಹೆಲ್ಸಿಂಕಿಯಲ್ಲಿ ಅಧಿಕಾರಿಗಳಲ್ಲದವರಿಗೂ, ಹೆಂಗಸರಿಗೂ ಡ್ರೆಸಾಜ್ ಅಂಗಳ ತೆರೆಯಿತು. ಅದೇ ಮೂವರು, ಪರ್ಸನ್ ಸೇರಿದಂತೆ, ತಂಡದ ಚಿನ್ನ ಗೆದ್ದರು. 1956ರಲ್ಲಿ ಮತ್ತೆ ಅವರೇ ಗೆದ್ದರು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್, ಪೋಲಿಯೋದಿಂದ ಮಂಡಿಯ ಕೆಳಗೆ ಸ್ವಾಧೀನ ಕಳಕೊಂಡ ಹೆಣ್ಣುಮಗಳು, ಎರಡೂ ಸಲ ವೈಯಕ್ತಿಕ ಬೆಳ್ಳಿ ಪಡೆದಳು. ಬಾಗಿಲು ತೆಗೆದ ಮೊದಲ ಸಲಕ್ಕೇ ಇಷ್ಟು. ಹಾಗಾದರೆ ಅದಕ್ಕೂ ಹಿಂದಿನ ಒಲಿಂಪಿಕ್ಸ್‌ಗಳಲ್ಲಿ ಜಗತ್ತಿನ ಶ್ರೇಷ್ಠ ಸವಾರ ಎನಿಸಿಕೊಂಡವರು ನಿಜಕ್ಕೂ ಯಾರಿಗಿಂತ ಶ್ರೇಷ್ಠರಾಗಿದ್ದರು? ಒಳಗೆ ಬಿಟ್ಟವರಿಗಿಂತ ಮಾತ್ರ. ಪರ್ಸನ್‌ಗೆ ತಾತ್ಕಾಲಿಕವಾಗಿಯಾದರೂ ಒಂದು ಬಡ್ತಿ ಸಿಕ್ಕಿತು, ನಾಲ್ಕು ವರ್ಷದಲ್ಲಿ ನಿಯಮವೂ ಸಡಿಲಾಯಿತು. ಜಾತಿಯಲ್ಲಿ ಎರಡು ವಾರದ ಬಡ್ತಿಯೂ ಇಲ್ಲ. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದರ ಬಿಗಿಯನ್ನು ಅಳೆಯಲು ಈ ವ್ಯತ್ಯಾಸವೂ ಬೇಕು.

ಇನ್ನೊಂದು ಮಾತು, ವಿಮರ್ಶಕರಿಗಾಗಿ. 1956ರ ಕುದುರೆ ಸ್ಪರ್ಧೆಗಳು ಸ್ಟಾಕ್‌ಹೋಮಿನಲ್ಲಿ ನಡೆದವು. ಒಲಿಂಪಿಕ್ಸ್ ಮೆಲ್ಬರ್ನಿನಲ್ಲಿದ್ದರೂ ಆಸ್ಟ್ರೇಲಿಯಾದ ಪ್ರಾಣಿ ನಿರ್ಬಂಧದ ಕಾನೂನಿನಿಂದಾಗಿ ಕುದುರೆಗಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅಲ್ಲಿ ಡ್ರೆಸಾಜ್‌ನಲ್ಲಿ ಜರ್ಮನ್ ತೀರ್ಪುಗಾರನಿಗೆ ಮೊದಲ ಮೂರು ಸ್ಥಾನಕ್ಕೂ ಜರ್ಮನರೇ ಕಂಡರು, ಸ್ವೀಡಿಷ್ ತೀರ್ಪುಗಾರನಿಗೆ ಮೂರಕ್ಕೂ ಸ್ವೀಡಿಷರೇ ಕಂಡರು. ಇಬ್ಬರನ್ನೂ ಒಕ್ಕೂಟ ಅಮಾನತು ಮಾಡಿತು. 1960ರ ರೋಮಿನಲ್ಲಿ ಡ್ರೆಸಾಜ್‌ನ ತಂಡದ ಸ್ಪರ್ಧೆಯೇ ಇರಲಿಲ್ಲ. ಗಡಿಯಾರದಿಂದ ಅಳೆಯುವ ಓಟದಲ್ಲಿ ಕನಿಷ್ಠ ಗಡಿಯಾರಕ್ಕೆ ಸ್ವಜನ ಇಲ್ಲ. ಕಣ್ಣಿನಿಂದ ಅಳೆಯುವ ಕಡೆ ಕಣ್ಣಿಗೆ ಊರಿದೆ, ಕುಲವಿದೆ. ನಮ್ಮಲ್ಲಿ ಹೀಗೆ ಅಂಕ ಹಾಕಿದ ಯಾವ ವಿಮರ್ಶಕನನ್ನು ಯಾರು ಅಮಾನತು ಮಾಡಿದ್ದಾರೆ ಹೇಳಿ.

ಈಗ ಗಡಿಯಾರದ ಕಡೆಗೇ ಬರೋಣ, ಅಮೆರಿಕದ ಕೆಂಟಕಿಗೆ. ಕುದುರೆ ಓಟ ಬೇರೆ, ಅಶ್ವಕಲೆ ಬೇರೆ ಅಂತ ತಜ್ಞರು ತಕರಾರು ಮಾಡುತ್ತಾರೆ. ಮಾಡಲಿ. ಲಾಯದಲ್ಲಿ ಲದ್ದಿ ಎತ್ತುವವನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. 1875ರ ಮೇ 17ರಂದು ಲೂಯಿವಿಲ್ ಊರಿನಲ್ಲಿ ಮೊದಲ ಕೆಂಟಕಿ ಡರ್ಬಿ ನಡೆಯಿತು. ಹದಿನೈದು ಕುದುರೆ, ಹದಿನೈದು ಜಾಕಿ, ಅವರಲ್ಲಿ ಹದಿಮೂರು ಜನ ಕಪ್ಪು ಜನಾಂಗದವರು. ಗೆದ್ದ ಕುದುರೆ ಅರಿಸ್ಟೈಡ್ಸ್, ಸವಾರ ಆಲಿವರ್ ಲೂಯಿಸ್, ಕುದುರೆಯನ್ನು ತರಬೇತು ಮಾಡಿದವನು ಆನ್ಸೆಲ್ ವಿಲಿಯಮ್ಸನ್. ಸವಾರ ಕಪ್ಪು ಜನಾಂಗದವನು, ತರಬೇತುದಾರ ಗುಲಾಮನಾಗಿ ಹುಟ್ಟಿದವನು. ಗುಲಾಮಗಿರಿ ರದ್ದಾಗಿ ಆಗಿನ್ನೂ ಹತ್ತೇ ವರ್ಷ. ದಕ್ಷಿಣದ ತೋಟಗಳಲ್ಲಿ ಕುದುರೆಯ ಕೆಲಸ ಗುಲಾಮರ ಕೆಲಸವಾಗಿತ್ತು. ಅದಕ್ಕೇ ಕುದುರೆಯ ವಿದ್ಯೆ ಅವರ ಕೈಯಲ್ಲಿತ್ತು. ಮೊದಲ 28 ಡರ್ಬಿಗಳಲ್ಲಿ 15ನ್ನು ಗೆದ್ದವರು ಕಪ್ಪು ಜಾಕಿಗಳು. ಐಸಾಕ್ ಮರ್ಫಿ ಒಬ್ಬನೇ 1884, 1890, 1891 ಹೀಗೆ ಮೂರು ಸಲ ಗೆದ್ದ.

ಅದು ಕೀಳು ಕೆಲಸವಾಗಿದ್ದಷ್ಟು ದಿನ ಅವರಿಗೆ ಬಿಟ್ಟಿದ್ದರು. ಅದರಲ್ಲಿ ದುಡ್ಡು ಬಂತು, ಹೆಸರು ಬಂತು, ಪತ್ರಿಕೆಯಲ್ಲಿ ಚಿತ್ರ ಬಂತು. ಆಗ ಬಿಳಿಯರಿಗೆ ಅದು ಬೇಕಾಯಿತು. ಸುಮಾರು 1900ರ ಹೊತ್ತಿಗೆ ಬಿಳಿ ಜಾಕಿಗಳು ಓಟದಲ್ಲೇ ಕಪ್ಪು ಜಾಕಿಗಳನ್ನು ಸುತ್ತುಗಟ್ಟಿ ಕಟಾಂಜನಕ್ಕೆ ಒತ್ತುವುದು ಶುರುವಾಯಿತು. ಮಾಲೀಕರು ಕುದುರೆ ಕೊಡುವುದನ್ನು ನಿಲ್ಲಿಸಿದರು. ಜಿಮ್ಮಿ ವಿಂಕ್‌ಫೀಲ್ಡ್ 1901, 1902ರಲ್ಲಿ ಸತತ ಎರಡು ಡರ್ಬಿ ಗೆದ್ದ. ಅವನ ನಂತರ ಇಂದಿನವರೆಗೂ ಆ ಡರ್ಬಿಯನ್ನು ಗೆದ್ದ ಆಫ್ರಿಕನ್-ಅಮೆರಿಕನ್ ಜಾಕಿ ಇಲ್ಲ. 1921ರ ನಂತರ ಅಲ್ಲಿ ಸವಾರಿ ಮಾಡಲು ಅವರಲ್ಲೊಬ್ಬನಿಗೆ ಮತ್ತೆ ಅವಕಾಶ ಸಿಕ್ಕಿದ್ದು 2000ದಲ್ಲಿ. ವಿಂಕ್‌ಫೀಲ್ಡ್ ರಷ್ಯಕ್ಕೆ ಹೋದ, ಅಲ್ಲಿ ಗೆದ್ದ. ಕ್ರಾಂತಿಯ ಗದ್ದಲದಲ್ಲಿ ಬೇರೆ ಕುದುರೆಗಾರರ ಜೊತೆ ಸೇರಿ ಒಡೆಸ್ಸಾದಿಂದ ವಾರ್ಸಾದವರೆಗೆ ಕುದುರೆಗಳ ಹಿಂಡನ್ನೇ ಹೊಡಕೊಂಡು ಹೋದ. ಕೊನೆಗೆ ಫ್ರಾನ್ಸಿನಲ್ಲಿ ನೆಲೆನಿಂತ. 1961ರಲ್ಲಿ ಡರ್ಬಿಯ ಸಮಯದ ಔತಣಕ್ಕೆ ಅತಿಥಿಯಾಗಿ ಮಗಳ ಜೊತೆ ಲೂಯಿವಿಲ್ಲಿಗೆ ಬಂದಾಗ ಹೋಟೆಲಿನ ಮುಂಬಾಗಿಲಲ್ಲಿ ಅವನನ್ನು ತಡೆದರು. ಎರಡು ಸಲ ಚಾಂಪಿಯನ್, ಆದರೆ ಮುಂಬಾಗಿಲು ಇಲ್ಲ. ಹಿತ್ತಲ ಬಾಗಿಲು, ಬೇರೆ ಲೋಟ, ಇವೆಲ್ಲ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆಂಟಕಿಯ ಪಕ್ಕದ ರಾಜ್ಯ ಟೆನೆಸಿ. ‘ವಿಶ್ವ ಮಹಾ ಚಾಂಪಿಯನ್’ ಎಂಬ ಬಿರುದು ಅಕ್ಷರಶಃ ಇರುವುದು ಅಲ್ಲಿ. ಟೆನೆಸಿ ವಾಕಿಂಗ್ ಹಾರ್ಸ್ ಎಂಬ ತಳಿ ಇದೆ, ಹೆಸರೇ ಹೇಳುವಂತೆ ನಡಿಗೆಯ ಕುದುರೆ. ಕುಲುಕಾಟವಿಲ್ಲದ, ನೀರಿನ ಮೇಲೆ ತೇಲಿದಂಥ ನಡೆ. ಇಂಥ ನಡಿಗೆ ಯಾರಿಗೆ ಬೇಕಾಗಿತ್ತು? ತೋಟದ ಮಾಲೀಕನಿಗೆ, ಅವನ ಮೇಸ್ತ್ರಿಗೆ. ಹೊಲದ ಸಾಲುಗಳ ನಡುವೆ ಇಡೀ ದಿನ ಕುದುರೆಯ ಮೇಲೆ ಕೂತು ಆಳುಗಳ ಮೇಲೆ ಕಣ್ಣಿಡುವವನ ಸೊಂಟ ನೋಯಬಾರದಲ್ಲ. ತೋಟದ ಕುದುರೆ ಎಂಬ ಹೆಸರೂ ಅದಕ್ಕಿತ್ತು. 1935ರಲ್ಲಿ ಆ ತಳಿಯ ಸಂಘವಾಯಿತು. 1939ರಿಂದ ಶೆಲ್ಬಿವಿಲ್ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಉತ್ಸವ ನಡೆಯುತ್ತದೆ. ಅಲ್ಲಿ ವಿಶ್ವ ಮಹಾ ಚಾಂಪಿಯನ್ ಪಟ್ಟ. ಮೊದಲ ವರ್ಷ ಪಡೆದ ಕುದುರೆ ಸ್ಟ್ರೋಲಿಂಗ್ ಜಿಮ್. ವಿಶ್ವ ಎನ್ನುವುದು ಎಷ್ಟು ದೊಡ್ಡದು ಎಂದು ಕೇಳಬೇಡಿ. ಒಂದು ತಳಿ, ಒಂದು ಜಿಲ್ಲೆಯ ಊರು.

ಬಿರುದು ಏನು ಮಾಡಿತು ನೋಡಿ. ತೀರ್ಪುಗಾರರಿಗೂ ಜನಕ್ಕೂ ಸಹಜ ನಡಿಗೆ ಸಪ್ಪೆಯಾಯಿತು. ಮುಂಗಾಲನ್ನು ಎದೆಮಟ್ಟಕ್ಕೆ ಎಗರಿಸಿ ಎಗರಿಸಿ ಇಡುವ ಕುದುರೆಗೆ ಪಟ್ಟ ಸಿಗತೊಡಗಿತು. ಕುದುರೆ ಹಾಗೆ ತಾನಾಗಿ ನಡೆಯುವುದಿಲ್ಲ. ಗೊರಸಿನ ಮೇಲಿನ ಚರ್ಮಕ್ಕೆ ಸಾಸಿವೆ ಎಣ್ಣೆ, ಸೀಮೆಎಣ್ಣೆಯಂಥ ಉರಿಯುವ ಪದಾರ್ಥ ಹಚ್ಚಿ, ಸುತ್ತಿ ಕಟ್ಟಿ, ಹುಣ್ಣಾಗಿಸುತ್ತಾರೆ. ಅದರ ಮೇಲೆ ಸರಪಳಿ. ನೆಲಕ್ಕೆ ಕಾಲು ತಾಕಿದೊಡನೆ ನೋವು, ತಕ್ಷಣ ಮೇಲೆತ್ತುತ್ತದೆ. ನೋಡುವವರಿಗೆ ಅದು ಠೀವಿ. 1970ರಲ್ಲಿ ಅಮೆರಿಕ ಸರ್ಕಾರ ಇದರ ವಿರುದ್ಧ ಕುದುರೆ ರಕ್ಷಣಾ ಕಾನೂನು ತಂದಿತು. ಹುಣ್ಣು ನಿಲ್ಲಲಿಲ್ಲ. 2006ರಲ್ಲಿ ತಪಾಸಣೆ ಬಿಗಿಯಾದಾಗ ಅಂತಿಮ ಸುತ್ತಿನ ಬಹುಪಾಲು ಕುದುರೆಗಳು ಅನರ್ಹವಾಗಿ ಅಂತಿಮ ಸ್ಪರ್ಧೆಯೇ ರದ್ದಾಯಿತು. ಆ ವರ್ಷ ವಿಶ್ವಕ್ಕೆ ಮಹಾ ಚಾಂಪಿಯನ್ ಇರಲಿಲ್ಲ. ವಿಶ್ವ ಚೆನ್ನಾಗಿಯೇ ಇತ್ತು.

ಮನುಷ್ಯರ ನೋವಿನ ಬಗ್ಗೆ ಬರೆಯುವ ಸಂಚಿಕೆಯಲ್ಲಿ ಕುದುರೆ ಕಾಲಿನ ಹುಣ್ಣಿನ ವರ್ಣನೆ ಯಾಕೆ ಅಂತ ಕೇಳುವವರಿಗೆ ಹೇಳುವುದಿಷ್ಟು: ನೋವನ್ನು ಸೌಂದರ್ಯವನ್ನಾಗಿ ಓದುವ ಕಣ್ಣು ಒಂದೇ. ಅದು ಕುದುರೆಯ ಮುಂದೆ ಒಂದು, ಮನುಷ್ಯನ ಮುಂದೆ ಒಂದು ಆಗುವುದಿಲ್ಲ. ಹೊಲದ ಕೂಲಿಯ ಬಾಗಿದ ಬೆನ್ನನ್ನು ‘ಗ್ರಾಮೀಣ ಸೊಬಗು’ ಅಂತ ಬರೆದ ಎಷ್ಟು ನವೋದಯದ ಪುಟ ಬೇಕು ನಿಮಗೆ?

ನಮ್ಮ ದೇಶಕ್ಕೆ ಬರುವಾಗ ದಾರಿ ಸೈನ್ಯದ ಮೂಲಕವೇ ಹಾಯುತ್ತದೆ, ಯಾಕೆಂದರೆ ಇಲ್ಲಿಯೂ ಕುದುರೆ ಸ್ಪರ್ಧೆಗಳನ್ನು ಬೆಳೆಸಿದ್ದು ಬಹುಮಟ್ಟಿಗೆ ಸೈನ್ಯವೇ. ಮೈಸೂರು ಲ್ಯಾನ್ಸರ್ಸ್ ನಮಗೆ ಗೊತ್ತು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಗೆದ್ದ ಕುದುರೆ ಪಡೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಇಂಥ ಪಡೆಗಳನ್ನು, ಮೈಸೂರಿನದೂ ಸೇರಿ, ಕೂಡಿಸಿ 1953ರಲ್ಲಿ ಒಂದು ಅಶ್ವಪಡೆ ಮಾಡಿದರು. ಅದೇ 61ನೇ ಕ್ಯಾವಲ್ರಿ. ಅದಕ್ಕೆ ಸವಾರರನ್ನು ಮುಖ್ಯವಾಗಿ ತೆಗೆದುಕೊಂಡದ್ದು ರಜಪೂತರು, ಮರಾಠರು, ಕಾಯಂಖಾನಿ ಮುಸ್ಲಿಮರು ಎಂಬ ಗೊತ್ತಾದ ವರ್ಗಗಳಿಂದ. ಸಂವಿಧಾನ ಜಾರಿಗೆ ಬಂದು ಮೂರು ವರ್ಷದ ಮೇಲೆ ಹುಟ್ಟಿದ ಪಡೆ ಇದು. 1982ರ ದೆಹಲಿ ಏಷ್ಯಾಡ್‌ನಲ್ಲಿ ಈವೆಂಟಿಂಗ್ ಎಂಬ ಮೂರು ಹಂತದ ಸ್ಪರ್ಧೆಯಲ್ಲಿ ರಘುಬೀರ್ ಸಿಂಗ್ ವೈಯಕ್ತಿಕ ಚಿನ್ನವನ್ನೂ ತಂಡದ ಚಿನ್ನವನ್ನೂ ಗೆದ್ದರು. ಅವರಿಗೆ ಅರ್ಜುನ ಪ್ರಶಸ್ತಿ ಬಂತು, 1983ರಲ್ಲಿ ಪದ್ಮಶ್ರೀ ಬಂತು. ಅವರ ಗೆಲುವು ಸಣ್ಣದಲ್ಲ, ಅದನ್ನು ಸಣ್ಣದು ಮಾಡುವ ಉದ್ದೇಶವೂ ನನಗಿಲ್ಲ. ಆದರೆ ಲಾಯದ ಬಾಗಿಲಲ್ಲಿ ಜಾತಿ ನೋಡಿ ಒಳಗೆ ಬಿಟ್ಟ ಮೇಲೆ ಅಂಗಳದಲ್ಲಿ ನಡೆಯುವುದು ಮುಕ್ತ ಸ್ಪರ್ಧೆ ಅಂತ ಹೇಗೆ ಹೇಳುವುದು?

ಆಮೇಲೆ ವೈಯಕ್ತಿಕ ಪದಕ ಬರಲು 36 ವರ್ಷ ಹಿಡಿಯಿತು. 2018ರ ಜಕಾರ್ತಾ ಏಷ್ಯಾಡ್‌ನಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. 2023ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡಕ್ಕೆ ಚಿನ್ನವೇ ಬಂತು. ಸೈನ್ಯದ ಬೇಲಿ ಹೋಗಿ ಈಗ ದುಡ್ಡಿನ ಬೇಲಿ: ಕುದುರೆ ಯುರೋಪಿನದು, ತರಬೇತಿಯೂ ಅಲ್ಲಿಯದೇ.

ಅದೇ 2018ರ ಮಾರ್ಚ್ ತಿಂಗಳು. ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಎಂಬ ಹಳ್ಳಿಯಲ್ಲಿ ಒಬ್ಬ ದಲಿತ ಯುವಕನ ಕೊಲೆಯಾಯಿತು. ಇಪ್ಪತ್ತೊಂದು ವರ್ಷ. ಅವನು ಒಂದು ಕುದುರೆ ಸಾಕಿಕೊಂಡಿದ್ದ, ಅದನ್ನು ಏರಿ ಓಡಾಡುತ್ತಿದ್ದ. ಕುದುರೆ ಏರಬೇಡ ಅಂತ ಮೇಲುಜಾತಿಯವರು ಬೆದರಿಸಿದ್ದರು ಎಂದು ತಂದೆ ದೂರು ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಉತ್ತರ ಪ್ರದೇಶದ ಕಾಸಗಂಜ್ ಜಿಲ್ಲೆಯ ನಿಜಾಮಪುರದಲ್ಲಿ ದಲಿತ ಮದುಮಗನೊಬ್ಬನ ಮೆರವಣಿಗೆ ತಿಂಗಳುಗಟ್ಟಲೆ ಹೋರಾಟದ ನಂತರ ಪೊಲೀಸ್ ಬಂದೋಬಸ್ತಿನಲ್ಲಿ ನಡೆಯಿತು. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದು, 2016ರ ಜನವರಿಯಿಂದ ಜಾರಿಗೆ ಬಂದಂತೆ, ಪರಿಶಿಷ್ಟರ ಮದುವೆ ಮೆರವಣಿಗೆಯನ್ನೋ ಆ ಮೆರವಣಿಗೆಯಲ್ಲಿ ಅವರು ಕುದುರೆ ಏರುವುದನ್ನೋ ತಡೆಯುವುದು ಅಪರಾಧ ಅಂತ ಬರೆದಿದ್ದಾರೆ. ಚಪ್ಪಲಿ ಹಾಕುವುದು, ಹೊಸ ಬಟ್ಟೆ ಉಡುವುದು, ಸೈಕಲ್ ತುಳಿಯುವುದು ಕೂಡ ಅದೇ ಕಲಮಿನಲ್ಲಿವೆ. ಒಂದು ಕುದುರೆಯ ಮೇಲೆ ಅರ್ಧ ಗಂಟೆ ಕೂರುವುದಕ್ಕೆ ಸಂಸತ್ತು ಕಾನೂನು ಮಾಡಬೇಕಾದ ದೇಶದಲ್ಲಿ ಅತ್ಯುತ್ತಮ ಸವಾರ ಯಾರು ಅಂತ ಪಟ್ಟ ಕಟ್ಟುವುದು ಎಂಥ ಲೆಕ್ಕ? ಕೋಟಿಗಟ್ಟಲೆ ಜನರನ್ನು ಕುದುರೆಯ ಹತ್ತಿರ ಬಿಡದೆ ಉಳಿದವರಲ್ಲಿ ಆರಿಸಿದ ‘ಅತ್ಯುತ್ತಮ’ ಅದು.

ಹಾಗಂತ ಬಿರುದುಗಳೇ ಬೇಡ, ಸ್ಪರ್ಧೆಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಕುದುರೆಯ ವಿದ್ಯೆ ದೊಡ್ಡ ವಿದ್ಯೆ. ಐನೂರು ಕಿಲೋ ತೂಕದ ಪ್ರಾಣಿ ಹೆದರಿಕೆಯಿಂದಲ್ಲದೆ ನಂಬಿಕೆಯಿಂದ ಮಾತು ಕೇಳುವುದು ಅಂದರೆ ಅದು ಬರೀ ಆಟವಲ್ಲ. ಹಾರ್ಟೆಲ್‌ಳ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ, ಕುದುರೆಗೆ ಅವಳ ಮಾತು ತಿಳಿಯುತ್ತಿತ್ತು. ಆದರೆ ಆ ವಿದ್ಯೆ ಸವಾರನೊಬ್ಬನದಲ್ಲ. ದಿನಾ ನಸುಕಿಗೆ ಎದ್ದು ಮಾಲೀಸು ಮಾಡುವ ಸೈಸಿನದು, ಲಾಳ ಕಟ್ಟುವವನದು, ಕಣ್ಣು ನೋಡಿಯೇ ಹೊಟ್ಟೆನೋವು ಹೇಳುವವನದು. ಬಿರುದಿನ ಪಟ್ಟಿಯಲ್ಲಿ ಸವಾರ ಇರುತ್ತಾನೆ, ಕುದುರೆ ಇರುತ್ತದೆ, ಹೆಚ್ಚಾಗಿ ಒಡೆಯನೂ ಇರುತ್ತಾನೆ. ಇವರು ಇರುವುದಿಲ್ಲ. ಎಲ್ಲಿಯವರೆಗೆ ಇರುವುದಿಲ್ಲವೋ, ಎಲ್ಲಿಯವರೆಗೆ ಅಂಗಳದ ಬಾಗಿಲು ಎಲ್ಲರಿಗೂ ತೆರೆದಿಲ್ಲವೋ ಅಲ್ಲಿಯವರೆಗೆ ‘ಆ ದಿನ, ಆ ಅಂಗಳದಲ್ಲಿ ಗೆದ್ದವರು’ ಎಂದಷ್ಟೇ ಬರೆದರೆ ಸಾಕು. ಮಹಾ, ವಿಶ್ವ ಎಂಬ ಪದಗಳು ಬೇಡ.

ಅಮೆರಿಕದಲ್ಲಿ ಇದಕ್ಕೊಂದು ವಿಚಿತ್ರ ಟಿಪ್ಪಣಿ ಇದೆ. 21 ಓಟಗಳಲ್ಲಿ 20 ಗೆದ್ದ ಮ್ಯಾನ್ ಓ ವಾರ್ ಎಂಬ ಕುದುರೆಯನ್ನು ಕೊನೆಯ ವರ್ಷಗಳಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ನೋಡಿಕೊಂಡವನು ವಿಲ್ ಹಾರ್ಬಟ್ ಎಂಬ ಕಪ್ಪು ಜನಾಂಗದ ಸೈಸು. 1947ರ ಅಕ್ಟೋಬರಿನಲ್ಲಿ ಹಾರ್ಬಟ್ ಸತ್ತ. ನವೆಂಬರ್ 1ಕ್ಕೆ ಕುದುರೆ ಸತ್ತಿತು. ಕುದುರೆಗೆ ಕಂಚಿನ ಪ್ರತಿಮೆ ಇದೆ. ಮೂರು ಸಲ ಡರ್ಬಿ ಗೆದ್ದ ಐಸಾಕ್ ಮರ್ಫಿ 1896ರಲ್ಲೇ ತೀರಿಕೊಂಡಿದ್ದ, ಲೆಕ್ಸಿಂಗ್ಟನ್ನಿನ ಕಪ್ಪು ಜನರ ಸ್ಮಶಾನದಲ್ಲಿ ಅವನ ಗೋರಿ ಎಲ್ಲಿದೆ ಅಂತ ದಶಕಗಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1960ರ ದಶಕದಲ್ಲಿ ಹುಡುಕಿ ತೆಗೆದು, ಗೌರವ ಸಲ್ಲಿಸಬೇಕು ಅಂತ, ಅವನ ಅವಶೇಷವನ್ನು ಮ್ಯಾನ್ ಓ ವಾರ್‌ನ ಸಮಾಧಿಯ ಹತ್ತಿರ ತಂದು ಹೂಳಿದರು. ಆ ಕುದುರೆ ಹುಟ್ಟಿದ್ದು 1917ರಲ್ಲಿ, ಮರ್ಫಿ ಸತ್ತು ಇಪ್ಪತ್ತೊಂದು ವರ್ಷ ಆದ ಮೇಲೆ. ಅವನು ಅದನ್ನು ಕಂಡವನೇ ಅಲ್ಲ.